ಹಾಲು ಸುರಿಸಿದ ಒಣಬಳ್ಳಿ

ಕಾಗದಕ್ಕೆ ಹೊಲಿದಿಟ್ಟ ಒಣಗಿಡಗಳನ್ನು ಒಂದೊಂದಾಗಿ ಕಾಲೇಜಿನ ಜಗಲಿಯ ಬಿಸಿಲಿಗೆ ಹರಡುತ್ತಿದ್ದಾಗ ಜವಾನ ದೇವರಾಜನಿಗೆ ಡಾಂಬರು ಗುಳಿಗೆಯ ವಾಸನೆಗೆ ಸೀನು ಬಂತು. ಬಂದದ್ದು ಸರಿಯಾಗಿ ಮಾವಳ್ಳಿ ಬಳ್ಳಿಯ ಮೇಲೆ. ಹಳೆಯ ಎಲೆಗಳು ಸುಟ್ಟ ಹಪ್ಪಳದಂತೆ ಪುಡಿಯಾಗಿ ಹಾರಿದವು. ಉಳಿದದ್ದು ನಾಲ್ಕು ಹೊಲಿಗೆ, ಒಂದು ಚೀಟಿ: ‘ಅಪರೂಪದ ಬಳ್ಳಿ. ಮಾವಳ್ಳಿ ನಾಗಬನ. ಬೇರೆಲ್ಲೂ ಸಿಕ್ಕಿಲ್ಲ.’

“ಎಂತ ಮಾಡ್ದೆ ತಮ್ಮಾ!” ಗುಡಿಸುತ್ತಿದ್ದ ಸುಬ್ಬಲಕ್ಷ್ಮಿ ಪೊರಕೆ ಕೆಳಗೆ ಹಾಕಿದಳು. “ಬಾಟನಿ ಪಾಠದ ಗೀತಾಂಜಲಿ ಮೇಡಂ ಜೀವ ಇದ್ದದ್ದೇ ಈ ಬಳ್ಳಿ ಮೇಲೆ. ಸಂಜೆ ಬಂದು ನೋಡಿದ್ರೆ ನಿನ್ನ ಕೆಲ್ಸ ಹೋತು!”

ದೇವರಾಜನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

“ಬನಕ್ಕೇ ಹೋಗಿ ಒಂದು ತುಂಡು ತಂದು ಹೊಲಿ,” ಎಂದ ಗುಮಾಸ್ತ ನಿತೇಶ.

“ನೀನೂ ಬಾ.”

“ನಂಗೆ ಹೆಂಡ್ತಿ ಮಕ್ಳಿದ್ದಾರೆ ಮಾರಾಯಾ!”

“ನಂಗೆಂತ ಇಲ್ವಾ?”

ಆ ಬನದಲ್ಲಿ ಬಿದ್ದ ಕಡ್ಡಿಯನ್ನೂ ಯಾರೂ ಒಲೆಗೆ ಒಯ್ಯುವುದಿಲ್ಲ. ಹಿಂದೆ ಬಳ್ಳಿ ಕೊಯ್ದು ತಂದ ಮಾಸ್ತರರಿಗೆ ಸಾಯುವವರೆಗೂ ಬೆನ್ನಿನ ತುರಿಕೆ ಬಿಡಲಿಲ್ಲವಂತೆ. ‘ಬಳ್ಳಿ ಇನ್ನೂ ಬದುಕಿದೆಯೇ? ನೋಡಿ ತಿಳಿಸಿ’ ಎಂದು ದೂರದ ಸಸ್ಯಸಂಗ್ರಹಾಲಯದವರು ಬರೆದು ಎರಡು ವರ್ಷವಾದರೂ ಕಾಲೇಜಿನಿಂದ ಉತ್ತರ ಹೋಗದಿದ್ದುದು ಅದಕ್ಕೇ. ನೋಡಲು ಹೋಗುವವರು ಯಾರು?

ದೇವರಾಜ ಹೋದ. ಕೈಯಲ್ಲಿ ಒಂದು ತೆಂಗಿನಕಾಯಿ, ಒಂದು ಹಾಲಿನ ಪ್ಯಾಕೆಟ್.

“ನಾಗಪ್ಪಾ, ಇದೊಂದೇ ತುಂಡು. ಇನ್ನು ಈ ಜನ್ಮದಲ್ಲಿ ಇತ್ಲಾಗೆ ತಲೆ ಹಾಕೂದಿಲ್ಲ,” ಎಂದು ಕಣ್ಣು ಮುಚ್ಚಿ ಬಳ್ಳಿ ಕೊಯ್ದ. ಕಾಲ ಮೇಲೆ ತಣ್ಣಗೆ ಏನೋ ಹರಿಯಿತು. ಹೆದ್ದಾರಿ ಸಿಗುವವರೆಗೆ ಅವನು ನಿಲ್ಲಲಿಲ್ಲ. ಹರಿದದ್ದು ಹಾವಲ್ಲ, ಒಡೆದ ಪ್ಯಾಕೆಟ್ಟಿನ ಹಾಲು ಎಂದು ಗೊತ್ತಾದದ್ದು ಬಸ್ಸಿನಲ್ಲಿ ಕೂತ ಮೇಲೆ.

ಸಂಜೆ ಮೇಡಂ ಬರುವುದಕ್ಕೂ ಕೊನೆಯ ಹೊಲಿಗೆ ಬೀಳುವುದಕ್ಕೂ ಸರಿಹೋಯಿತು. ಅವರು ಕಾಗದ ಎತ್ತಿ ಹಿಡಿದರು. ಸೂಜಿ ತಾಗಿದಲ್ಲಿಂದ ಬೆಳ್ಳಗಿನ ಸೊನೆಯ ಹನಿಯೊಂದು ಚೀಟಿಯ ಮೇಲೆ ಇಳಿಯಿತು.

“ಅಯ್ಯಯ್ಯೋ! ಒಣಬಳ್ಳಿ ಹಾಲು ಸುರಿಸ್ತದೆ!” ಸುಬ್ಬಲಕ್ಷ್ಮಿ ಏನೂ ಅರಿಯದವಳಂತೆ ಕೈಮುಗಿದಳು. ನಿತೇಶ ಬಾಗಿಲಾಚೆ ನಿಂತಿದ್ದ.

ದೇವರಾಜ ಮೇಡಂ ಕಾಲಿಗೆ ಬಿದ್ದ. “ತಪ್ಪಾತು ಮೇಡಂ! ಸೀನು ಬಂತು...” ಎಂದು ಎಲ್ಲವನ್ನೂ ಕಕ್ಕಿಬಿಟ್ಟ.

ಮೇಡಂ ಅರ್ಧವನ್ನಷ್ಟೇ ಕೇಳಿಸಿಕೊಂಡರು. “ಅಂದ್ರೆ ಬಳ್ಳಿ ಬದುಕಿದೆ! ನೀನು ಒಳಗೆ ಹೋಗಿ ಬಂದ್ಯಾ ದೇವರಾಜಾ? ನಿನ್ನ ಕೆಲ್ಸಕ್ಕೆ ನಾನು ಹೊಣೆ!”

ದೇವರಾಜನಿಗೆ ಹೋದ ಜೀವ ಬಂತು. ಮೇಡಂ ಅಲ್ಲೇ ಕೂತು ಸಸ್ಯಸಂಗ್ರಹಾಲಯಕ್ಕೆ ಉತ್ತರ ಬರೆದು ಓದಿದರು: “ಬಳ್ಳಿ ಬದುಕಿದೆ. ಹೂವಾಗಿ ಕಾಯಿ ಬಲಿಯುವ ತನಕ ನಮ್ಮ ದೇವರಾಜ ವಾರಕ್ಕೊಮ್ಮೆ ಬನದೊಳಗೆ ಹೋಗಿ ನೋಡಿ ಬರುತ್ತಾನೆ. ಅವನಿಗೆ ಹೆದರಿಕೆಯೆಂಬುದಿಲ್ಲ.”

ಲಕೋಟೆಗೆ ಹಾಕಿ ಅಂಟಿಸಿ ಅವನ ಕೈಗೇ ಕೊಟ್ಟರು. ಅಂಚೆ ಡಬ್ಬಿಯ ಬಾಯಿಗೆ ಇಟ್ಟರೂ ದೇವರಾಜನ ಬೆರಳುಗಳು ಲಕೋಟೆ ಬಿಡಲಿಲ್ಲ.

“ಬಿಡಾ ಮಾರಾಯಾ, ಅಂಚೆಯವ್ರು ಕಾಯ್ತಾ ಇದ್ದಾರೆ,” ಎಂದು ನಿತೇಶ ಹಿಂದಿನಿಂದ ಕೈಗೊಂದು ತಟ್ಟಿದ.

ಎರಡು ವರ್ಷ ತಡೆದ ಉತ್ತರ ಒಳಗೆ ಬಿತ್ತು. ದೇವರಾಜನ ಬೆನ್ನು ಆಗಲೇ ತುರಿಸತೊಡಗಿತ್ತು.