ಹವಾಲ್ದಾರರ ಸಲ್ಯೂಟ್ ಮತ್ತು ನನ್ನ ಸೊಂಟ

ಇನ್ಸ್‌ಪೆಕ್ಷನ್ ದಿನ ಶಾಲೆಯನ್ನು ಹೇಗೆ ಹೊಳೆಯಿಸಬೇಕು ಎಂಬುದನ್ನು ನನ್ನಷ್ಟು ಬಲ್ಲವರು ನಮ್ಮ ಉಣಕಲ್ಲಿನಲ್ಲಿ ಯಾರೂ ಇಲ್ಲ. ಹೆಡ್‌ಮಾಸ್ತರನಾಗಿದ್ದಷ್ಟು ಕಾಲವೂ, ಬಿರುಕು ಬಿಟ್ಟ ಗೋಡೆಗೆ ಭೂಪಟ ತೂಗುಹಾಕಿ ಶಹಬ್ಬಾಸ್ ಅನ್ನಿಸಿಕೊಂಡವನು ನಾನು. ಆದ್ದರಿಂದ ಪಕ್ಕದ ಮನೆಯ ಫಕೀರಪ್ಪ ಹವಾಲ್ದಾರರ ಕೆಲಸವನ್ನು ಧೈರ್ಯವಾಗಿ ಕೈಗೆತ್ತಿಕೊಂಡೆ.

ಸಂಗತಿ ಇಷ್ಟು. ಹವಾಲ್ದಾರರು ನಾಕಾಬಂದಿಯಲ್ಲಿ ನಿಂತಿದ್ದಾಗ, ಕೈ ತೋರಿಸಿದರೂ ನಿಲ್ಲದ ಲಾರಿಯೊಂದು ಅವರಿಗೆ ಬಡಿದಿತ್ತು. ಅಂದಿನಿಂದ ಎಡಗಾಲು ಇದ್ದೂ ಇಲ್ಲದಂತೆ. ಬಲಗಾಲೂ ಹೆಚ್ಚು ಹೊತ್ತು ತಡೆಯುವುದಿಲ್ಲ. ಎಬ್ಬಿಸುವುದು, ಸ್ನಾನ ಮಾಡಿಸುವುದು, ಮಲಗಿಸುವುದು ಎಲ್ಲ ಹೆಂಡತಿ ಗಂಗವ್ವನ ಪಾಲಿಗೆ. ಎತ್ತಿ ಎತ್ತಿ ಆಕೆಯ ಬೆನ್ನೂ ಬಾಗಿದೆ. ಕರ್ತವ್ಯದಲ್ಲಿ ಹೀಗಾದ ಪೊಲೀಸರ ಮನೆಗೆ ದಿನವೂ ಒಬ್ಬ ಸಹಾಯಕನನ್ನು ಕಳಿಸುವ ಸೌಲಭ್ಯವಿದೆ ಎಂದು ಪತ್ತೆ ಹಚ್ಚಿದವನು, ಅರ್ಜಿ ಹಾಕಿಸಿದವನು ನಾನೇ. ಉಳಿದದ್ದು ಅಧಿಕಾರಿಗಳು ಮನೆಗೆ ಬಂದು ಸ್ಥಿತಿಗತಿ ನೋಡುವುದು ಮಾತ್ರ.

ಆ ದಿನ ಬೆಳಿಗ್ಗೆಯೇ ಹೋದೆ. ನೆಲ ಒರೆಸಿಸಿದೆ. ಹವಾಲ್ದಾರರಿಗೆ ಗಡ್ಡ ಮಾಡಿಸಿ, ಇಸ್ತ್ರಿಯ ಅಂಗಿ ತೊಡಿಸಿದೆ. ಊರುಗೋಲು, ಮಂಚದ ಕೆಳಗಿನ ಪಾತ್ರೆ, ಹಿಡಿದು ಏಳಲು ಜಂತಿಗೆ ಕಟ್ಟಿದ್ದ ಹಗ್ಗ, ಎಲ್ಲವನ್ನೂ ಹಿತ್ತಲಿಗೆ ಸಾಗಿಸಿದೆ.

"ಮಾಸ್ತರ್ರ, ಹಗ್ಗ ಇರಲಿ ಬಿಡ್ರಿ," ಎಂದಳು ಗಂಗವ್ವ.

"ಬಂದವರ ಕಣ್ಣಿಗೆ ಮನಿ ಛಲೋ ಕಾಣಬೇಕವ್ವಾ."

"ಛಲೋ ಕಂಡ್ರ ಯಾಕ ಕೊಡ್ತಾರ್ರಿ?"

ಪ್ರಶ್ನೆ ಸರಿಯಾಗಿತ್ತು. ಅದು ನನಗೆ ಆಮೇಲೆ ತಿಳಿಯಿತು.

ಅಧಿಕಾರಿ ಮೇಡಂ ಹೊಸ್ತಿಲು ದಾಟಿದ್ದೇ ತಡ, ಹವಾಲ್ದಾರರು ಕಿಟಕಿಯ ಸರಳು ಹಿಡಿದು ಎದ್ದೇ ಬಿಟ್ಟರು. ಎದೆ ಉಬ್ಬಿಸಿ ಸಲ್ಯೂಟ್ ಹೊಡೆದರು. ಅಂಥ ಸಲ್ಯೂಟನ್ನು ನಾನು ಪರೇಡ್ ಮೈದಾನದಲ್ಲೂ ಕಂಡಿಲ್ಲ.

"ಏನು ತ್ರಾಸ ಐತ್ರಿ ನಿಮಗ?" ಎಂದರು ಮೇಡಂ.

"ಏನೂ ಇಲ್ರಿ ಮೇಡಂ. ಎಲ್ಲಾ ಬರೋಬ್ಬರಿ ಐತ್ರಿ."

"ನಡಿಯಾಕ ಆಗ್ತೈತೇನ್ರಿ?"

"ಹುಕುಂ ಆದ್ರ ಓಡ್ತೇನ್ರಿ."

ನಾನು ಮೇಡಂ ಅವರ ಬೆನ್ನ ಹಿಂದೆ ನಿಂತು ಕಣ್ಣು, ಹುಬ್ಬು, ಕೈ ಎಲ್ಲವನ್ನೂ ಆಡಿಸಿದೆ. ಹವಾಲ್ದಾರರು ಅದನ್ನು ಮೆಚ್ಚುಗೆ ಎಂದುಕೊಂಡು ಎದೆಯನ್ನು ಇನ್ನಷ್ಟು ಉಬ್ಬಿಸಿದರು. ಮೇಡಂ ಹೊಳೆಯುವ ಮನೆಯನ್ನೆಲ್ಲ ನೋಡಿ, "ಇಲ್ಲಿ ಸಹಾಯಕರ ಜರೂರ ಕಾಣವಲ್ದಲ್ರೀ," ಎಂದು ಬರೆಯತೊಡಗಿದರು. ಗಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

ಆಗ ಮೇಡಂ, "ಕೂಡ್ರಿ, ಯಾಕ ನಿಂತೀರಿ," ಎಂದರು.

ಹವಾಲ್ದಾರರಿಗೆ ಕೂಡ್ರುವುದೇ ಕಷ್ಟ. ಸರಳು ಬಿಟ್ಟರು, ಹಗ್ಗಕ್ಕೆ ಕೈ ಚಾಚಿದರು. ಹಗ್ಗ ಹಿತ್ತಲಲ್ಲಿತ್ತು. ನಾನು ಓಡಿ ಹೋಗಿ ತಬ್ಬಿಕೊಂಡೆ. ಇಬ್ಬರೂ ಬಿದ್ದೆವು, ನಾನು ಕೆಳಗೆ, ಪೊಲೀಸ್ ಇಲಾಖೆ ಮೇಲೆ. ನನ್ನ ಸೊಂಟ ಕಟಕ್ಕೆಂದಿತು. ಹವಾಲ್ದಾರರ ಒಂದು ಕೈ ಮಾತ್ರ ಇನ್ನೂ ಹಣೆಯ ಮೇಲೇ ಇತ್ತು.

ಮೇಡಂ ಫೈಲು ಬಿಸಾಕಿ ಎತ್ತಲು ಬಂದರು. ಹವಾಲ್ದಾರರು ಮಿಸುಕಲಿಲ್ಲ. ಗಂಗವ್ವ ಇನ್ನೊಂದು ಕಡೆ ಹಿಡಿದಳು. ಇಬ್ಬರೂ ಸೇರಿ ಅವರನ್ನು ಮಂಚಕ್ಕೆ ಸೇರಿಸುವಷ್ಟರಲ್ಲಿ ಮೇಡಂ ಬೆವರಿನಲ್ಲಿ ತೊಯ್ದಿದ್ದರು.

"ದಿನಾ ಇವರನ್ನ ಯಾರು ಎತ್ತತಾರವ್ವಾ?"

"ನಾನ ರೀ."

"ಒಬ್ಬಾಕಿನ?"

"ಮತ್ತ್ಯಾರದಾರ್ರಿ?"

ಮೇಡಂ ನೆಲದ ಮೇಲಿನ ಫೈಲು ಎತ್ತಿಕೊಂಡರು. ಮಾತಾಡಿದವರು ಹವಾಲ್ದಾರರು. "ತಪ್ಪು ವರದಿ ಕೊಟ್ಟೇನ್ರಿ ಮೇಡಂ. ನನಗ ಆಗೂದಿಲ್ಲ. ಇನ್ನ ಇಕಿಗೂ ಆಗೂದಿಲ್ಲ." ಅದನ್ನೂ ಅವರು ಎದೆ ಉಬ್ಬಿಸಿಯೇ ಹೇಳಿದರು. ನೆಲದ ಮೇಲೆ ಅಂಗಾತ ಬಿದ್ದಿದ್ದ ನನಗೆ, ಇಂಥವರ ನೆರೆಯವನು ನಾನು ಎಂದು ಹೆಮ್ಮೆಯಾಯಿತು. ಮೇಡಂ ಬರೆದದ್ದನ್ನು ಹೊಡೆದು ಹಾಕಿದರು.

ಈಗ ದಿನವೂ ಸಹಾಯಕ ಬರುತ್ತಾನೆ. ಗಂಗವ್ವ ಬೆಳಗಿನ ಚಹಾವನ್ನು ಕೂತು ಕುಡಿಯುತ್ತಾಳೆ. ಇದೆಲ್ಲ ನನ್ನಿಂದಲೇ ಆಯಿತೆಂದು ನಾನು ಹಾಸಿಗೆಯಲ್ಲಿ ಬೀಗುತ್ತಾ ಮಲಗಿದ್ದೇನೆ. ಬೀಗಲು ಅಡ್ಡಿಯಿಲ್ಲ. ಹೊರಳಲು ಆಗುವುದಿಲ್ಲ ಅಷ್ಟೆ. ಅದಕ್ಕೆ ಹವಾಲ್ದಾರರು ತಮ್ಮ ಕೆಲಸ ಮುಗಿದ ಮೇಲೆ, ಆ ಸಹಾಯಕನನ್ನೇ ಇತ್ತ ಕಳಿಸಿಕೊಡುತ್ತಾರೆ.