ಬೆಲ್ಲ ತಿಂದು ನೀರು ಬಿಟ್ಟವರು

ನನ್ನ ಸೋದರಮಾವ ಕೂತದ್ದನ್ನು ಯಾರಾದರೂ ನೋಡಿದ್ದೀರಾ? ನೋಡಿದ್ದರೆ ಅದು ಬೇರೆ ಯಾರೋ! ಮುಂಬಯಿಯ ಲೋಕಲ್ ಗಾಡಿಯಲ್ಲಿ ಠಾಕುರ್ಲಿಗೆ ಇಳಿಯಲು ಆರು ಸ್ಟೇಶನ್ ಮೊದಲು, ಠಾಣೆಯಿಂದಲೇ ಬಾಗಿಲಿಗೆ ಹೋಗಿ ನಿಲ್ಲುವ ಆಸಾಮಿ. ಊಟಕ್ಕೆ ಕೂತರೆ ಎರಡನೇ ಸಲ ಅನ್ನ ಬರುವಷ್ಟರಲ್ಲಿ ಕೈ ತೊಳೆದು ಬಾಲ್ಕನಿಯಲ್ಲಿರುತ್ತಾರೆ.

ಈ ಚಡಪಡಿಕೆಯೇ ಎರಡು ವರ್ಷದ ಹಿಂದೆ ಅನಾಹುತ ಮಾಡಿತು. ಮಳೆಗಾಲದಲ್ಲಿ ಕಾಮೋಠೆಯ ಮಗಳ ಮನೆಯಿಂದ ಮೊಮ್ಮಗಳು ನಾಲ್ಕು ದಿನ ಇರಲು ಬಂದಿದ್ದಳು. ಟ್ಯಾಂಕಿನ ನೀರನ್ನು ಗ್ಯಾಸಿನ ಮೇಲಿಟ್ಟ ಮಾಮಾ, ಕುದಿ ಬರುವವರೆಗೆ ನಿಲ್ಲಲಾರದೆ ಇಳಿಸಿ ಕುಡಿಸಿಬಿಟ್ಟರು. ಮಗು ಆಸ್ಪತ್ರೆ ಸೇರಿ ಸಲೈನ್ ಹಚ್ಚಿಸಿಕೊಂಡಿತು. ಅಂದಿನಿಂದ ಅವರ ಮಗಳು ತವರಿಗೆ ಬಂದರೆ ಜೊತೆಗೊಂದು ಸೀಲ್ ಬಾಟಲಿ. ರಾತ್ರಿ ಉಳಿಯುವುದಿಲ್ಲ. ಅಪ್ಪನಿಗೆ ಒಂದು ಮಾತೂ ಅಂದಿಲ್ಲ, ಬಾಟಲಿಯನ್ನು ಟೇಬಲ್ ಮೇಲೆ ಇಡುತ್ತಾಳೆ, ಅಷ್ಟೇ. ಮೊಮ್ಮಗಳು ತಮ್ಮ ಮನೆಯಲ್ಲಿ ಒಂದು ಲೋಟ ನೀರು ಕುಡಿಯಬೇಕು. ಮಾಮಾಗೆ ಬೇಕಾದದ್ದು ಇಷ್ಟೇ.

ಅದಕ್ಕೆ ಅವರು ಹಿಡಿದ ದಾರಿ ನೋಡಿ! ಬಿಲ್ಡಿಂಗಿನ ಟೆರೇಸಿನ ಮಳೆನೀರನ್ನು ಸೋಸಿ ಡ್ರಮ್ಮಿಗೆ ತುಂಬಿದರು. ಹಳೆಯ ಶೋಕೇಸಿನ ಗಾಜು ಕಿತ್ತು ಒಂದು ಪೆಟ್ಟಿಗೆಗೆ ಮುಚ್ಚಳ ಮಾಡಿ, ಅದರೊಳಗೆ, ಹೊರಮೈಗೆ ಕಪ್ಪು ಬಳಿದ ಪಾತ್ರೆಯೊಂದನ್ನು ಇಟ್ಟರು. ಬಿಸಿಲಿಗೆ ನೀರು ಅರವತ್ತೈದು ಡಿಗ್ರಿ ದಾಟಿ ಒಂದಿಷ್ಟು ಹೊತ್ತು ನಿಂತರೆ ಕ್ರಿಮಿಗಳ ಕಥೆ ಮುಗಿಯಿತಂತೆ. ದಾಟಿದ್ದು ತಿಳಿಯುವುದು ಹೇಗೆ? ನೀರೊಳಗೆ ಬಾಯಿ ಮುಚ್ಚಿದ ಗಾಜಿನ ನಳಿಗೆ, ಅದರ ಮೇಲ್ತುದಿಯಲ್ಲಿ ಚೂರು ಮೇಣ. ಮೇಣ ಕರಗಿ ತಳಕ್ಕಿಳಿದರೆ ನೀರು ಪಾಸು! ತಕ್ಕ ಮೇಣ ಸಿಗುವವರೆಗೆ ಮಾಮಿಯ ಒಲೆಯ ಮೇಲೆ ಥರ್ಮಾಮೀಟರ್ ಹಿಡಿದು ಏಳು ನಮೂನೆ ಕರಗಿಸಿದರು. ಆ ವಾರ ಅವರ ಮನೆಯ ಸಾರಿಗೂ ಮೇಣಬತ್ತಿಯ ವಾಸನೆ.

"ಗ್ಯಾಸ್ ಮ್ಯಾಲೆ ಕುದಿಸಿದ್ರ ಆಗೂದಿಲ್ಲೇನ್ರಿ?" ಎಂದರು ಮಾಮಿ.

"ಅವತ್ತ ಕುದ್ದದ ಅಂತ ನಾನ ಹೇಳಿದ್ದೆ. ನಾ ಸುಳ್ಳ ಹೇಳಬಹುದು, ಮೇಣ ಹೇಳಂಗಿಲ್ಲ."

ಆದರೆ ಮಳೆ ಇದ್ದಾಗ ಬಿಸಿಲು ಎಲ್ಲಿ ಸ್ವಾಮಿ? ಆಗಸ್ಟಿನಲ್ಲಿ ಐರೋಲಿಯ ನಮ್ಮ ಮನೆಗೆ ಬಂದವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. "ಬಿಸಲ ಬಿತ್ತಲೇ!" ಠಾಣೆಯಲ್ಲಿ ಗಾಡಿ ಬದಲಿಸಿ ಠಾಕುರ್ಲಿ ಮುಟ್ಟುವಷ್ಟರಲ್ಲಿ ಜಡಿಮಳೆ. ಅಕ್ಟೋಬರಿನ ಉರಿಬಿಸಿಲು ಬಂತೆಂದು ಟೆರೇಸಿಗೆ ಓಡಿದರೆ, ಪಕ್ಕದ ಮನೆಯ ವೈನಿ ಅದೇ ಗಾಜಿನ ಮೇಲೆ ಹಪ್ಪಳ ಹರವಿದ್ದಾರೆ! ಮಾಮಾ ಕೂಗಾಡಿದರೆ ಆಕೆ, "ಕಾಕಾ, ಮಸ್ತ್ ಒಣಗಿದವು, ನಾಳೆಯೂ ಪೆಟ್ಟಿಗೆ ಇಲ್ಲೇ ಇರಲಿ" ಎಂದು ಮರಾಠಿಯಲ್ಲಿ ಶಾಭಾಸ್‌ಗಿರಿ ಕೊಟ್ಟರು.

ಅಂತೂ ಮೇಣ ಕರಗಿತು. ಕುಡಿಯುವವರು? ನಮ್ಮ ಬಾಗಲಕೋಟೆ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಮಾಮಾ ತಾಟು ಹಿಡಿದು ನಿಂತರೆ, ಬಂದವರು ಬೆಲ್ಲ ಬಾಯಿಗೆ ಹಾಕಿಕೊಂಡು "ನೀರು ಈಗಷ್ಟೇ ಕುಡಿದು ಬಂದೆ" ಎನ್ನುತ್ತಿದ್ದರು. ನಾನೂ, ಮರ್ಯಾದೆಗೆಟ್ಟವನು, ಹಾಗೆಯೇ ಅಂದೆ. ಮನೆಯ ಬೆಲ್ಲವೆಲ್ಲ ಖಾಲಿಯಾಯಿತು. ನೀರು ಕುಡಿದವರು ಮಾಮಾ, ಮಾಮಿ ಇಬ್ಬರೇ.

ಕಳೆದ ರವಿವಾರ ಮಗಳು, ಮೊಮ್ಮಗಳು ಬಂದರು. ನಾನೂ ಅಲ್ಲಿದ್ದೆ. ಬಾಟಲಿ ಎಂದಿನಂತೆ ಟೇಬಲ್ ಏರಿತು. ಹುಡುಗಿ, ಮಾಮಾ ಹೊಸದಾಗಿ ತಂದಿದ್ದ ಬೆಲ್ಲ ಚಪ್ಪರಿಸುತ್ತ, ತಾಟಿನಲ್ಲಿದ್ದ ನಳಿಗೆ ಎತ್ತಿ ನೋಡಿದಳು.

"ಅಜ್ಜಾ, ಮೇಣ ಪಿಘಲ್ ಗಯಾ!" ಕರಗಿತೆಂದು ಹಿಂದಿಯಲ್ಲಿ ಕೂಗಿ ಕುಣಿದು, ತಾಟಿನ ಲೋಟ ಬಾಯಿಗೆ ಹಿಡಿದಳು.

"ಬ್ಯಾಡ! ಬ್ಯಾಡವಾ!"

ಮಾಮಾ ಹಾರಿಬಂದು ಲೋಟ ಕಸಿದುಕೊಂಡರು. ಊರಿಗೆಲ್ಲ ಕುಡಿಯಿರಿ ಎಂದು ದುಂಬಾಲು ಬಿದ್ದವರು ಈಗ ಲೋಟವನ್ನು ಎದೆಗೆ ಅವಚಿಕೊಂಡರು. ಅರ್ಧ ನೀರು ಅಂಗಿಯ ಮೇಲೆ. "ಇನ್ನೊಮ್ಮೆ ಕಾಸ್ತೇನಿ... ನಾಳಿಗೆ ಕುಡೀಯಂತ..." ಎಂದು ತೊದಲಿದರು.

ಮಗಳು ಎದ್ದು ಬಂದಳು. ಅಪ್ಪನ ಕೈಯಿಂದ ಲೋಟ ತೆಗೆದುಕೊಂಡು ಗಟಗಟ ಕುಡಿದಳು. ಕೊನೆಯ ಗುಟುಕು ಉಳಿಸಿ ಹುಡುಗಿಯ ಬಾಯಿಗೆ ಹಿಡಿದಳು. ಆಮೇಲೆ ಬಾಟಲಿಯನ್ನು ಬ್ಯಾಗಿನೊಳಗೆ ಹಾಕಿ ಝಿಪ್ ಎಳೆದಳು.

"ನಾಳಿಗೂ ಕುಡೀತಾಳಪ್ಪಾ. ಎರಡ ದಿನಾ ಇಲ್ಲೇ ಇರ್ತೇವಿ. ನೀ ಈಗ ಸ್ವಲ್ಪ ಕೂಡು."

ಮಾಮಾ ಕೂತರು.