ಈಶ್ವರನ ಲಗ್ನಕ್ಕೆ ತ್ರಿಂಬಕರಾಯರ ಪತ್ತೇದಾರಿ

ಶುಕ್ರವಾರ ಬೆಳಿಗ್ಗೆ ಲಗ್ನದ ಮಧ್ಯಸ್ಥ ಕೇದಾರಿ ಫೋನ್ ಮಾಡಿ ಆ ಒಂದು ಮಾತು ಹೇಳಬಾರದಿತ್ತು. ಹೇಳಿಬಿಟ್ಟ.

“ಈಶ್ವರಾ, ಕಣಗಲಾದಿಂದ ಹುಡುಗಿ ಕಡ್ಯಾವ್ರು ಒಬ್ರು ಇವತ್ತ ನಿಮ್ಮ ಊರಿಗೆ ಬರಾಕತ್ತಾರ. ನಿನ್ನ ಬಗ್ಗೆ ಒಳಗಿಂದೊಳಗ ಇಚಾರ ಮಾಡ್ತಾರಂತ. ಯಾರು ಬರತಾರ ಅಂತ ನನಗೂ ಹೇಳಿಲ್ಲ. ನೀ ಏನೂ ಗೊತ್ತಿಲ್ಲದಾಂವನಂಗ ಸುಮ್ನ ಕೆಲಸ ಮಾಡ್ಕೋಂತ ಇರು.”

ನಮ್ಮ ಕಡೆ ಹೆಣ್ಣು ಕೊಡುವವರು ಹೊಲ ನೋಡುತ್ತಾರೆ, ಮನೆ ನೋಡುತ್ತಾರೆ, ಆದರೆ ನಂಬುವುದು ಓಣಿಯ ಬಾಯಿಯನ್ನು ಮಾತ್ರ. ಯಾರೋ ಒಬ್ಬರು ಗುರುತು ಹೇಳದೆ ಬರುತ್ತಾರೆ, ಎಲ್ಲೋ ಕುಂತು ಛಾ ಕುಡಿಯುತ್ತಾರೆ, ಹುಡುಗ ಹೆಂಗ ಅಂತ ಮಾತು ತೆಗೆಯುತ್ತಾರೆ. ಆ ಒಂದು ಛಾದಲ್ಲಿ ಎಷ್ಟೋ ಲಗ್ನ ಮುಳುಗಿವೆ.

ಈಶ್ವರನಿಗೆ ಮೂವತ್ತನಾಲ್ಕು. ಕಲ್ಲೋಳಿಯ ಬಸ್ ನಿಲ್ದಾಣದ ಹತ್ತಿರ, ಮನೆಯ ಮುಂಭಾಗದಲ್ಲೇ, ಸುಟ್ಟ ಮೋಟಾರು, ಫ್ಯಾನುಗಳಿಗೆ ಹೊಸ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿ. ಐದು ಸಂಬಂಧ ಬಂದು ಹೋಗಿದ್ದವು, ಅವಕ್ಕೆಲ್ಲ ಅವನು ಅಷ್ಟಾಗಿ ನೊಂದಿರಲಿಲ್ಲ. ಈ ಕಣಗಲಾದ ವಿದ್ಯಾಳ ಮಾತೇ ಬೇರೆ. ಹುಕ್ಕೇರಿಯ ಒಂದು ಮದುವೆಯಲ್ಲಿ ಹೋಳಿಗೆ ಬಡಿಸುತ್ತ ಬಂದ ಹುಡುಗಿ ಇವನ ಮುಂದೆ ನಿಂತು, “ನಾಕ ಆತು, ಇನ್ನೊಂದ ಹಾಕಲೇನ್ರಿ?” ಎಂದು ನಕ್ಕಿದ್ದಳು. ಲೆಕ್ಕ ಇಟ್ಟಿದ್ದಾಳಲ್ಲ ಎಂದು ಇವನ ಎದೆ ತುಂಬಿ ಬಂದಿತ್ತು. ಆವತ್ತಿನಿಂದ ಅವನು ಬೇರೆ ಹುಡುಗಿಯ ಫೋಟೋ ನೋಡಿದವನಲ್ಲ.

ಸುಮ್ಮನಿರು ಎಂದರೆ ಸುಮ್ಮನಿರಬೇಕಿತ್ತು. ಎದುರು ಮನೆಯ ಪರಪ್ಪ ಕಾಕಾನಿಗೆ ಹೇಳಿಬಿಟ್ಟ.

ಪರಪ್ಪ ನಿವೃತ್ತ ಲೈನ್‌ಮನ್. ಈಗ ಅವನ ಪೂರ್ಣಾವಧಿ ಕೆಲಸ ಟೀವಿಯಲ್ಲಿ ತ್ರಿಂಬಕರಾಯರನ್ನು ನೋಡುವುದು. ತ್ರಿಂಬಕರಾಯ ಅಜ್ಜಂದಿರ ಕಾಲದ ಕತೆಪುಸ್ತಕದ ಪತ್ತೇದಾರ. ಕೋಟು ಹಾಕಿ, ಟಾಂಗಾದಲ್ಲಿ ಬಂದು, ನಶ್ಯ ಏರಿಸಿ, ಎದುರಿನವನ ಚಪ್ಪಲಿ ನೋಡಿ ಊರು ಹೇಳುತ್ತಿದ್ದ. ಅವನನ್ನು ಈಗ ಹೊಸ ಕಾಲಕ್ಕೆ ತಂದಿದ್ದಾರೆ. ಕನ್ನಡ ಚಾನೆಲ್ಲಿನಲ್ಲಿ ಅವನಿಗೆ ಮೋಟರ್‌ಸೈಕಲ್ಲು, ಕಪ್ಪು ಜಾಕೀಟು. ಬಾಜೂ ಮನೆಯ ಸೀತಾಬಾಯಿ ನೋಡುವ ಮರಾಠಿ ಚಾನೆಲ್ಲಿನಲ್ಲಿ ಅವನು ಮನೋವೈದ್ಯ, ಎರಡು ಮಕ್ಕಳ ತಂದೆ. ಕತೆ ಅವೇ, ಕೊನೆ ಮಾತ್ರ ಒಂದೊಂದು ಚಾನೆಲ್ಲಿಗೆ ಒಂದೊಂದು. ಹೀಗಾಗಿ ಓಣಿಯಲ್ಲಿ ಒಂದೇ ಕೊಲೆಗೆ ಇಬ್ಬಿಬ್ಬರು ಕೊಲೆಗಾರರು ಇದ್ದರು.

“ಚಿಂತಿ ಬಿಡು,” ಎಂದ ಪರಪ್ಪ. “ಬರಾಂವನ್ನ ನಾ ಚಪ್ಪಲಿ ನೋಡಿ ಗುರ್ತ ಹಿಡೀತೇನಿ. ಇನ್ನ ನಾವು ಹೇಳೂ ಮಾತು. ನಿನ್ನೆ ಟೀವ್ಯಾಗ ಮೂರು ಮಂದಿ ಸಾಕ್ಷಿ ಮೂರು ನಮೂನಿ ಹೇಳಿದ್ರು, ತ್ರಿಂಬಕರಾಯ ಗಕ್ಕನ ಹಿಡದ. ಅದಕ್ಕ ಓಣ್ಯಾಗ ಎಲ್ಲಾರೂ ಒಂದ ಮಾತು ಹೇಳಬೇಕು. ಒಂದಕ್ಷರ ಆಚೀಚಿ ಆಗಬಾರದು.”

ಸೀತಾಬಾಯಿ ಹುಬ್ಬು ಗಂಟಿಕ್ಕಿದಳು. “ಆ ಕತಿ ನಮ್ಮ ಚಾನೆಲ್‌ನ್ಯಾಗ ಹಂಗ ಇಲ್ಲಲ್ಲೋ ಪರಪ್ಪಾ.”

“ನಿಮ್ಮ ಡಾಕ್ಟರ್‌ಗ ಏನ ತಿಳೀತೈತಿ? ನೀ ಬರೇ ಬಾಯಿಪಾಠ ಮಾಡು.”

ಪಾಠ ತಯಾರಾಯಿತು: “ಈಶ್ವರ ಬಂಗಾರದಂಥ ಹುಡುಗ. ಛಾ ಬಿಟ್ರ ಚಟ ಇಲ್ಲ. ಐದಕ್ಕ ಎದ್ದು ಅವ್ವನ ಕಾಲು ಮುಟ್ಟತಾನ.” ಎಂಟರ ಮುಂಚೆ ಸೂರ್ಯನ ಮುಖವನ್ನೇ ನೋಡದ ಈಶ್ವರನಿಗೆ ಇದು ಯಾರ ಸುದ್ದಿ ಎಂದು ಗೊಂದಲವಾಯಿತು. ಅವನಿಗೆ ಇಸ್ತ್ರಿ ಅಂಗಿ ಹಾಕಿಸಿದರು, ಹಣೆಗೆ ಮೂರು ಬೆರಳು ವಿಭೂತಿ ಎಳೆದರು, ಕೈ ಎಣ್ಣೆಯಾಗಬಾರದೆಂದು ಕೆಲಸ ಬಿಡಿಸಿ ಕುರ್ಚಿಯಲ್ಲಿ ಕೂಡಿಸಿದರು.

ಇದರಿಂದ ತೊಂದರೆಯಾದದ್ದು ಒಬ್ಬ ಗಿರಾಕಿಗೆ. ಐವತ್ತು ದಾಟಿದ ಆ ಮನುಷ್ಯ, ಘಟಪ್ರಭಾದಿಂದ ಬಂದೇನಿ ಎಂದು ಟವೆಲಿನಲ್ಲಿ ಸುತ್ತಿದ ಫ್ಯಾನು ಹಿಡಿದು ಒಂಬತ್ತಕ್ಕೇ ಬಂದಿದ್ದ. “ಸ್ವಲ್ಪ ತಡೀರಿ ಕಾಕಾ,” ಎಂದು ಈಶ್ವರ ಅವನನ್ನು ಮೂಲೆಯ ಸ್ಟೂಲಿನಲ್ಲಿ ಕೂಡಿಸಿದ.

ಹತ್ತಕ್ಕೆ ಒಬ್ಬ ಬಂದು, “ಈಶ್ವರ ಅಂದ್ರ ಯಾರ್ರಿ?” ಎಂದ. ಪರಪ್ಪ ಅವನ ಬೂಟು ನೋಡಿದ. ಬಿಳಿ ಧೂಳು. ಹೈವೇ ಧೂಳು, ಹೈವೇ ಮೇಲಿನ ಊರು ಅಂದರೆ ಕಣಗಲಾ. ಬಂದವನನ್ನು ಕೈಹಿಡಿದು ಕೂಡಿಸಿ, ಅವಲಕ್ಕಿ ಕೊಟ್ಟು, ಪಾಠ ಒಪ್ಪಿಸಿದರು. ಮೊದಲು ಪರಪ್ಪ, ಆಮೇಲೆ ಸೀತಾಬಾಯಿ, ಆಮೇಲೆ ಛಾದ ಅಂಗಡಿಯ ಸತ್ತೆಪ್ಪ. ಆ ಮನುಷ್ಯ ಎರಡು ತಾಟು ಅವಲಕ್ಕಿ ಮುಗಿಸಿ, “ಭಾಳ ಚಲೋ ಆತ್ರಿ. ಇಲ್ಲಿ ಒಂದು ಸಹಿ ಮಾಡ್ರಿ, ತಾಮ್ರದ ತಂತಿ ಪಾರ್ಸೆಲ್ ಬಂದೈತಿ,” ಎಂದ.

ಹನ್ನೆರಡಕ್ಕೆ ಇನ್ನೊಬ್ಬ ಬಂದು ಈಶ್ವರನ ಮನೆಯನ್ನೇ ಕೆಳಗಿಂದ ಮೇಲೆ ನೋಡುತ್ತ ನಿಂತ. ಈ ಸಲ ಸಂಶಯವೇ ಇರಲಿಲ್ಲ. ಊಟಕ್ಕೇ ಕೂಡಿಸಿದರು. ಮೂರೂ ಜನ ಮತ್ತೆ ಪಾಠ ಹೇಳಿದರು. ಸೀತಾಬಾಯಿ ‘ಐದಕ್ಕ’ ಎನ್ನುವ ಬದಲು ಮರಾಠಿಯಲ್ಲಿ ‘ಪಾಚಕ್ಕ’ ಎಂದಳೆಂದು ಪರಪ್ಪ ನಡುವೆಯೇ ತಡೆದು ಮೊದಲಿಂದ ಹೇಳಿಸಿದ. ಊಟವಾದ ಮೇಲೆ ಆತ ಬಾಡಿಗೆ ಮನೆ ಹುಡುಕುತ್ತಿರುವುದು ತಿಳಿಯಿತು. ಹುಡುಗ ಹೆಂಗಾದ್ರೂ ಇರಲಿ, ನೀರು ದಿನಾ ಬರತಾವೇನ್ರಿ ಎಂದು ಕೇಳಿದ.

ಈಶ್ವರ ಕುರ್ಚಿಯಿಂದ ಎದ್ದ. “ಕಾಕಾ, ಆ ಫ್ಯಾನರೇ ಬಿಚ್ಚತೇನ್ರಿ. ಪಾಪ, ಅವ್ರು ಮುಂಜಾನಿಂದ ಕುಂತಾರ.”

“ಲಗ್ನ ದೊಡ್ಡದೋ ಫ್ಯಾನ್ ದೊಡ್ಡದೋ? ಕುಂದುರು,” ಎಂದ ಪರಪ್ಪ.

ಮೂರಕ್ಕೆ ರೇಷ್ಮೆ ರುಮಾಲಿನ ಹಿರಿಯರೊಬ್ಬರು ಕಾರಿನಿಂದ ಇಳಿದರು. ಓಣಿಗೆ ಓಣಿಯೇ ಎದ್ದು ನಿಂತಿತು. ಆದರೆ ಸತ್ತೆಪ್ಪ ಆಗಷ್ಟೇ ಹಾಲು ತರಲು ಹೋಗಿದ್ದ, ಒಬ್ಬ ಸಾಕ್ಷಿ ಕಡಿಮೆ. ಪರಪ್ಪ ಸುತ್ತ ನೋಡಿ, ಫ್ಯಾನಿನ ಗಿರಾಕಿಯ ಕಿವಿಯಲ್ಲಿ, “ಯಜಮಾನ್ರ, ಒಂದು ಉಪಕಾರ ಮಾಡ್ರಿ. ನೀವೂ ಇದ ಓಣ್ಯಾವ್ರು ಅನ್ನಂಗ ನಾಕು ಮಾತು ಹೇಳ್ರಿ. ಪಾಠ ಕಲಸಲೇನು?” ಎಂದ.

“ಬ್ಯಾಡ್ರಿ, ಬಾಯಿಪಾಠ ಆಗೇತಿ,” ಎಂದ ಆತ. ಎದ್ದು ಹೋಗಿ ರುಮಾಲಿನವರ ಮುಂದೆ ಒಂದಕ್ಷರ ತಪ್ಪದೆ ಒಪ್ಪಿಸಿದ. ಪರಪ್ಪನಿಗೆ ಕಣ್ಣು ತುಂಬಿ ಬಂತು. ರುಮಾಲಿನವರು ಎಲ್ಲ ಕೇಳಿ, ಮೂಡಲಗಿಗೆ ಹೋಗುವ ದಾರಿ ಯಾವುದು ಎಂದು ವಿಚಾರಿಸಿ ಕಾರು ಹತ್ತಿದರು.

ನಾಲ್ಕಕ್ಕೆ ಗಿರಾಕಿಯೂ ಫ್ಯಾನು ಎತ್ತಿಕೊಂಡ. ಈಶ್ವರ ನಾಚಿಕೆಯಿಂದ, “ಮಾಫ್ ಮಾಡ್ರಿ, ನಿಮ್ಮ ಕೆಲಸ ಆಗಲಿಲ್ಲ,” ಎಂದರೆ, “ಆತು ಬಿಡ್ರಿ,” ಎಂದು ಹೊರಟುಹೋದ.

ಸಂಜೆ ಆರಕ್ಕೆ ಕೇದಾರಿಯ ಫೋನು.

“ಏನ್ ಮಾಡಿದಿ ಈಶ್ವರಾ? ಬ್ಯಾಡ ಅಂದ್ರು.”

“ಯಾರೂ ಬರಲೇ ಇಲ್ಲಲ್ಲೋ.”

“ಬರಲಿಲ್ಲೇನು? ಹುಡುಗಿ ಸೋದರಮಾವ ಫ್ಯಾನ್ ಹಿಡಕೊಂಡು ದಿನವೆಲ್ಲಾ ನಿನ್ನ ಅಂಗಡ್ಯಾಗ ಕುಂತಿದ್ನಲ್ಲಪಾ. ಘಟಪ್ರಭಾದಾಗ ಹತ್ತು ಅಂಗಡಿ ಬಿಟ್ಟು ನಿನ್ನ ಹತ್ರ ಯಾಕ ಬರತಾನ, ಅಷ್ಟೂ ಹೊಳೀಲಿಲ್ಲೇನು? ಅವನ್ನ ಸಾಕ್ಷಿ ಮಾಡಿದ್ರಂತ.”

“ಎಲ್ಲಾರೂ ಚಲೋನ ಹೇಳಿದ್ರಲ್ಲೋ.”

“ಅದ ಕೆಟ್ಟಿದ್ದು. ಹುಡುಗಿ ಮನ್ಯಾವ್ರು ನೋಡೂದು ಮರಾಠಿ ಚಾನೆಲ್. ಆ ಡಾಕ್ಟರ್ ತ್ರಿಂಬಕರಾಯ ಏನ ಹೇಳಿದ ಗೊತ್ತೇನು? ಮೂರು ಸಾಕ್ಷಿ ಒಂದ ಮಾತು ಹೇಳಿದ್ರ ಅದು ಕಲಿಸಿದ್ದು ಅಂತ. ಅದಕ್ಕ ಹುಡುಗ ಏನೋ ಮುಚ್ಚಾಕತ್ತಾನ ಅಂದ ಆ ಸೋದರಮಾವ.”

ಈಶ್ವರನಿಗೆ ಅಳುವೊಂದೇ ಬಾಕಿ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆನಿಸಿತು. “ಖರೇ ಹೇಳತೇನಿ, ನೇರ ವಿದ್ಯಾಗ ಮುಟ್ಟಸು. ನಾ ಏಳೂದು ಎಂಟಕ್ಕ. ಗೊರಕಿ ಹೊಡೀತೇನಿ. ಗಿರಾಕಿ ಸ್ಕ್ರೂ ಕಳೀತೇನಿ. ಆದ್ರ ಆಕಿ ಅಂದ್ರ ನನಗ ಜೀವ. ಇಷ್ಟ ಹೇಳು.”

ಹತ್ತು ನಿಮಿಷದಲ್ಲಿ ಕೇದಾರಿ ಮತ್ತೆ ಫೋನ್ ಮಾಡಿದ. ಧ್ವನಿಯಲ್ಲಿ ಅವನಿಗೇ ಗೊಂದಲ.

“ಹೇಳಿದೆ. ಆಕಿ ಮೊಬೈಲ್‌ನ್ಯಾಗ ಹಿಂದೀದು ನೋಡತಾಳಂತ. ಅದರಾಗ ತ್ರಿಂಬಕರಾಯ ಹೆಣ್ಣಮಗಳು. ತಾನಾಗೇ ಬಂದು ಸಣ್ಣ ತಪ್ಪು ಒಪ್ಕೊಳ್ಳಾಂವ ದೊಡ್ಡ ತಪ್ಪು ಮುಚ್ಚಾಕತ್ತಿರತಾನ ಅಂತ ಆ ಹೆಣ್ಣ ಪತ್ತೇದಾರಿ ಕಂಡಹಿಡದಾಳಂತ. ನಿನ್ನ ದೊಡ್ಡ ತಪ್ಪು ಯಾವುದು ಕೇಳ್ರಿ, ಖರೇ ಹೇಳಿದ್ರ ಲಗ್ನ ಆಗತೇನಿ, ಇಲ್ಲಾಂದ್ರ ಇಲ್ಲ ಅಂದ್ಲು ವಿದ್ಯಾ. ಲಗೂನ ಹೇಳಪಾ.”

ಈಶ್ವರ ಫೋನು ಹಿಡಿದೇ ಸ್ಟೂಲಿನ ಮೇಲೆ ಕೂತ. ಸಾಲಿಯ ದಿನಗಳಿಂದ ಒಂದೊಂದೇ ವರ್ಷ ಹುಡುಕುತ್ತ ಬಂದ. ಒಂದು ಕಳವಿಲ್ಲ, ಒಂದು ಹೊಡೆದಾಟವಿಲ್ಲ, ಹೇಳಿಕೊಳ್ಳುವಂಥ ಒಂದು ಸುಳ್ಳೂ ಇಲ್ಲ. ಆಚೆ ಕೇದಾರಿ “ಹಲೋ, ಹಲೋ” ಎನ್ನುತ್ತಲೇ ಇದ್ದ. ಮೂವತ್ತನಾಲ್ಕು ವರ್ಷ ಎಂಥ ದಂಡದ ಬಾಳು ಬಾಳಿದೆನಲ್ಲ ಎಂದು ಮೊದಲ ಸಲ ಅವನಿಗೆ ಬಹಳ ವ್ಯಥೆಯಾಯಿತು.